ಪಾಟನ್ನಿನ ಆ ಸೋಮವಾರ

ನಂಜನಗೂಡು
9–12–2024

ಚಿ. ಸೌ. ನಂದಿತಾಳಿಗೆ ನಿನ್ನ ಅತ್ತೆ ರುದ್ರಾಣಿಯ ಆಶೀರ್ವಾದಗಳು.

ಕಾಗದ ಕಂಡು ಗಾಬರಿಯಾಗಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಮೆಸೇಜು ಬರೆಯಲು ನನಗೆ ಬರುವುದಿಲ್ಲ, ಬಂದರೂ ಅಮೃತೇಶ ನನ್ನ ಫೋನು ತೆಗೆದು ನೋಡುತ್ತಾನೆ. ಅದಕ್ಕೇ ಹಿಂದಿನ ಬೀದಿಯ ಸುಂದರಮ್ಮ ಟೀಚರ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮನೆಯಲ್ಲಿ ಹಪ್ಪಳ ಒತ್ತಿಕೊಡಲು ಹೋಗುತ್ತೇನೆಂದು ಹೇಳಿ ಬಂದಿದ್ದೇನೆ. ನೀನೂ ಉತ್ತರವನ್ನು ಟೀಚರ ವಿಳಾಸಕ್ಕೇ ಬರೆ. ಅವರು ಒಡೆದು ನೋಡುವವರಲ್ಲ.

ನೇಪಾಳದಿಂದ ಬಂದ ವಾರದೊಳಗೆ ನೀನು ತವರಿಗೆ ಹೊರಟೆ. ಅಮ್ಮನಿಗೆ ಮೈ ಸರಿಯಿಲ್ಲ ಎಂದೆ, ನಾನು ನಂಬಿದೆ. ಆಮೇಲೆ ಅಮೃತೇಶ ಸ್ವಲ್ಪ ಸ್ವಲ್ಪವಾಗಿ ಹೇಳಿದ. ಅಲ್ಲಿ ಪಾಟನ್ ಅನ್ನುವ ಊರಲ್ಲಿ ಯಾವುದೋ ವಿಗ್ರಹದ ಅಂಗಡಿಯಲ್ಲಿ ನೀನು ಕೂತುಬಿಟ್ಟೆಯಂತೆ, ಕರೆದರೂ ಏಳಲಿಲ್ಲವಂತೆ, ಮಾತಿಗೆ ಮಾತು ಬೆಳೆದು ಎಲ್ಲಿಗೋ ಹೋಗಿಬಿಟ್ಟೆಯಂತೆ. ಮಾರನೆಯ ದಿನ ಪೊಲೀಸರು ಹುಡುಕಿಕೊಟ್ಟರಂತೆ. ಜೊತೆಗೆ ಟೂರಿಗೆ ಬಂದ ಎಂಟು ಜನರ ಮುಂದೆ ಅವನ ಮುಖ ಉಳಿಯಲಿಲ್ಲ ಎನ್ನುತ್ತಾನೆ.

ಗಂಡನ ಮೇಲೆ ಸಿಟ್ಟು ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಪರದೇಶದಲ್ಲಿ ಹಾಗೆ ಮಾಡಬಹುದೇ? ನಿನಗೆ ಟೈಫಾಯಿಡ್ ಆದಾಗ ರಜಾ ಹಾಕಿ ಗಂಜಿ ಕುಡಿಸಿದವನು ಅವನೇ ಅಲ್ಲವೇ? ಈಗ ತಾಂಡ್ಯದ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಬಂದವನು ತಟ್ಟೆ ಮುಂದೆ ಸುಮ್ಮನೆ ಕೂರುತ್ತಾನೆ. ನೋಡಲಾಗುವುದಿಲ್ಲ.

ಒಂದು ಮಾತು ಕೇಳಬೇಕಾಗಿದೆ, ತಪ್ಪು ತಿಳಿಯಬೇಡ. ಆ ರಾತ್ರಿ ನೀನು ಎಲ್ಲಿದ್ದೆ? ನಿನ್ನ ಮಾವ ಊಟಕ್ಕೆ ಕೂತಾಗಲೆಲ್ಲ ಇದೇ ಪ್ರಶ್ನೆ ಎತ್ತುತ್ತಾರೆ. ಅವರ ಬಾಳೆಮಂಡಿಯಲ್ಲೂ ಯಾರೋ ಕೇಳಿದರಂತೆ. ನೀನು ಒಂದು ಉತ್ತರ ಕೊಟ್ಟರೆ ನಾನು ಎಲ್ಲರ ಬಾಯಿ ಮುಚ್ಚಿಸುತ್ತೇನೆ.

ಹಟ ಬಿಟ್ಟು ಬಾ. ನಾನೇ ಬಂದು ಕರೆದುಕೊಂಡು ಬರುತ್ತೇನೆ ಬೇಕಾದರೆ.

ಇತಿ ನಿನ್ನ ಅತ್ತೆ
ರುದ್ರಾಣಿ


ತಿ. ನರಸೀಪುರ
20–12–2024

ಅತ್ತೆಗೆ ನಮಸ್ಕಾರ.

ಕಾಗದ ತಲುಪಿತು. ಅಮ್ಮ ಚೆನ್ನಾಗಿದ್ದಾರೆ. ಅವರಿಗೆ ಮೈ ಸರಿಯಿಲ್ಲವೆಂದದ್ದು ಸುಳ್ಳು.

ಆ ರಾತ್ರಿ ಎಲ್ಲಿದ್ದೆ ಎಂದು ಕೇಳಿದ್ದೀರಿ. ಎಲ್ಲರೂ ಅದನ್ನೇ ಕೇಳುತ್ತಾರೆ. ನನ್ನ ಅಣ್ಣ ರುದ್ರೇಶನೂ ಕೇಳಿದ. ಹಗಲು ಎಲ್ಲಿದ್ದೆ ಎಂದು ಒಬ್ಬರೂ ಕೇಳಲಿಲ್ಲ. ನೀವು ಕೇಳದೆ ಇರುವುದಕ್ಕೆ ಕಾರಣ ನನಗೆ ಗೊತ್ತು. ಗೊತ್ತಿರುವುದನ್ನು ಯಾರೂ ಕೇಳುವುದಿಲ್ಲ.

ನನ್ನ ಬೀರುವಿನ ಕೆಳಗಿನ ಖಾನೆಯಲ್ಲಿ ಡ್ರಾಯಿಂಗ್ ಟೀಚರ್ ಕೋರ್ಸಿನ ಸರ್ಟಿಫಿಕೇಟುಗಳಿವೆ. ಟೀಚರ ಕೈಲಿ ರಿಜಿಸ್ಟರ್ಡ್ ಪೋಸ್ಟ್ ಮಾಡಿಸಿ. ಬೇರೇನೂ ಬೇಡ.

ನಂದಿತಾ


ನಂಜನಗೂಡು
28–12–2024

ನಂದಿತಾ,

ಸರ್ಟಿಫಿಕೇಟು ಕಳಿಸಿದ್ದೇನೆ. ತೆಗೆಯುವಾಗ ನಿನ್ನ ಮಾವ ನೋಡಿದರು. ಬೀರು ಒರೆಸುತ್ತಿದ್ದೇನೆ ಎಂದೆ.

ನಿನ್ನ ಕಾಗದವನ್ನು ಟೀಚರ ಮನೆಯಲ್ಲಿ ಎರಡು ಸಲ ಓದಿದೆ. ಅರ್ಥವಾಗದೆ ಟೀಚರಿಗೂ ಓದಿ ಹೇಳಿದೆ, ಕ್ಷಮಿಸು. ನನಗೆ ಏನು ಗೊತ್ತು ಎನ್ನುತ್ತೀಯ? ಈ ಮನೆಗೆ ಬಂದಾಗಿನಿಂದ ನನಗೆ ಗೊತ್ತಾಗುವುದೆಲ್ಲ ಕಡೆಯಲ್ಲೇ. ಮಂಡಿಯ ಪಕ್ಕದ ಜಾಗ ಮಾರಿದ್ದು ಕೊಂಡವನ ಹೆಂಡತಿ ಹೇಳಿದಾಗ ಗೊತ್ತಾಯಿತು. ನಿನ್ನ ಮಾವ ಮಾತಾಡುವ ಗಂಡಸಲ್ಲ. ಅಮೃತೇಶ ಮಾತಾಡುತ್ತಾನೆ, ಅದರಲ್ಲಿ ಎಷ್ಟು ನಿಜ ಎಂದು ನಾನು ತೂಗಿ ನೋಡುವುದಿಲ್ಲ, ಹೆತ್ತವಳು.

ನನಗೂ ಸಿಟ್ಟು ಬಂದಿದೆ ಎಂದು ತಿಳಿ. ಮೂರು ವರ್ಷ ಒಂದೇ ಒಲೆಯ ಮುಂದೆ ನಿಂತವರು ನಾವು. ಅತ್ತೆಯಾಗಿ ನಾನು ನಿನಗೆ ಏನು ಕಡಿಮೆ ಮಾಡಿದೆ? ನೇಪಾಳದಿಂದ ಬಂದ ದಿನ ಬಾಗಿಲಲ್ಲೇ ಊಟ ಮಾಡ್ತೀಯೇನವ್ವ ಎಂದು ಕೇಳಿದೆ. ನೀನು ನನ್ನ ಮುಖ ನೋಡಿ ಒಳಗೆ ಹೋದೆ. ಸುಸ್ತಾಗಿದೆ ಎಂದುಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ಊರ ಯಜಮಾನ ಮಂಟೇಸ್ವಾಮಿಯವರ ಮನೆಯಲ್ಲಿ ನಾಲ್ಕು ಜನ ಹಿರಿಯರನ್ನು ಕೂರಿಸುತ್ತಾರಂತೆ. ನಿಮ್ಮ ಕಡೆಗೂ ಹೇಳಿಕಳಿಸುತ್ತಾರೆ. ಅಲ್ಲಿ ಗಂಡಸರು ಮಾತಾಡುವುದಕ್ಕೆ ಮೊದಲು ನನಗೆ ತಿಳಿಯಬೇಕು. ಆ ದಿನ ಏನಾಯಿತು ಎಂದು ಬೆಳಗಿನಿಂದ ಬರೆ. ಹಗಲನ್ನೇ ಬರೆ. ಈಗ ನಾನು ಕೇಳುತ್ತಿದ್ದೇನೆ.

ರುದ್ರಾಣಿ


ತಿ. ನರಸೀಪುರ
5–1–2025

ಅತ್ತೆಗೆ,

ಬೆಳಗಿನಿಂದ ಬರೆ ಎಂದಿರಿ. ಬರೆಯುತ್ತೇನೆ.

ಹಿಂದಿನ ದಿನ ಪಶುಪತಿನಾಥನ ದರ್ಶನವಾಗಿತ್ತು, ನಿಮಗೆ ಫೋನಿನಲ್ಲಿ ಹೇಳಿದ್ದೆ. ಸೋಮವಾರ ಪಾಟನ್ ನೋಡುವ ದಿನ. ಅದು ಕಠ್ಮಂಡುವಿಗೆ ಅಂಟಿಕೊಂಡೇ ಇರುವ ಹಳೆಯ ಊರು, ನಡುವೆ ಬಾಗಮತಿ ಹೊಳೆ ಅಷ್ಟೆ. ಬೌದ್ಧರ ಊರು. ಓಣಿಯ ಗೋಡೆಯಲ್ಲಿ ತಲೆ ಬಗ್ಗಿಸಿ ಹೋಗುವಂಥ ಒಂದು ಬಾಗಿಲು ಇರುತ್ತದೆ, ಒಳಗೆ ಹೋದರೆ ಅಂಗಳ, ಅಂಗಳದ ನಡುವೆ ಸ್ತೂಪ, ಸುತ್ತ ಮನೆಗಳು. ಜನ ಅಲ್ಲೇ ಬಟ್ಟೆ ಒಣಗಹಾಕಿರುತ್ತಾರೆ, ಅಲ್ಲೇ ಬುದ್ಧನಿಗೆ ದೀಪ ಇಟ್ಟಿರುತ್ತಾರೆ. ಅರಮನೆಯ ಚೌಕದಲ್ಲಿ ಎಲ್ಲ ಇಟ್ಟಿಗೆ ಮತ್ತು ಮರ. ಭೂಕಂಪದಲ್ಲಿ ಬಿದ್ದದ್ದನ್ನು ಮತ್ತೆ ಕಟ್ಟಿದ್ದಾರೆ. ಹಳೆಯ ಕಿಟಕಿಯ ಕೆತ್ತನೆ ಕರೀ ಬಣ್ಣ, ಹೊಸದು ಕೆಂಪು. ಅದರ ಪಕ್ಕ ಪೂರ್ತಿ ಕಲ್ಲಿನದೇ ಒಂದು ಕೃಷ್ಣನ ಗುಡಿ. ಅದನ್ನು ನೋಡಿ ನನಗೆ ಸೋಮನಾಥಪುರ ನೆನಪಾಯಿತು. ಕೋರ್ಸಿನಲ್ಲಿದ್ದಾಗ ಭಾನುವಾರಗಳಲ್ಲಿ ಅಲ್ಲಿಗೆ ಹೋಗಿ ಕೂತು ಚಿತ್ರ ಬರೆಯುತ್ತಿದ್ದೆ.

ಮದುವೆಯಾದ ಮೇಲೆ ಅಷ್ಟು ಸಂತೋಷವಾಗಿ ಒಂದು ಬೆಳಿಗ್ಗೆ ಕಳೆದಿರಲಿಲ್ಲ ಅತ್ತೆ. ಇದನ್ನು ಯಾರಿಗೂ ಹೇಳಿಲ್ಲ. ಅಂಥ ದಿನದಲ್ಲಿ ಸಂತೋಷವಾಗಿದ್ದೆ ಎಂದರೆ ನನ್ನದೇ ತಪ್ಪು ಎಂದಾಗುತ್ತದೆ ಎಂದು ಹೆದರಿಕೆ.

ಮಧ್ಯಾಹ್ನಕ್ಕೆ ಮೊದಲು ಮಹಾಬೌದ್ಧ ಎನ್ನುವ ಗುಡಿಗೆ ಹೋದೆವು. ಇಟ್ಟಿಗೆಗೊಂದು ಬುದ್ಧ. ಆ ಗುಡಿಯ ಓಣಿ ತುಂಬ ತಾಮ್ರ, ಕಂಚಿನ ಕೆಲಸದವರು. ಒಂದು ಅಂಗಡಿಯ ಒಳಗೆ ಒಬ್ಬಳು ಹೆಂಗಸು ಕೆಂಡದ ಪಕ್ಕ ಕೂತು ಮೇಣದಲ್ಲಿ ತಾರಾದೇವಿಯನ್ನು ಮಾಡುತ್ತಿದ್ದಳು. ಹೆಸರು ಸಾನುಮಾಯಾ. ಮೊದಲು ಮೇಣದಲ್ಲಿ ಮೂರ್ತಿ ಮಾಡಿ, ಸುತ್ತ ಮಣ್ಣು ಮೆತ್ತಿ ಸುಡುತ್ತಾರಂತೆ. ಮೇಣ ಕರಗಿ ಹೋದ ಜಾಗಕ್ಕೆ ಲೋಹ ಹುಯ್ಯುತ್ತಾರೆ. ನಾನು ಬಗ್ಗಿ ನೋಡುತ್ತಿದ್ದೆ. ಅವಳು ಹಿಂದಿಯಲ್ಲಿ ಕೈಕೆಲಸ ಬರುತ್ತದಾ ಎಂದು ಕೇಳಿದಳು. ಜೇಡಿಮಣ್ಣಿನಲ್ಲಿ ಬರುತ್ತದೆ ಎಂದೆ. ಪದ್ಮಪೀಠಕ್ಕೆ ಒಂದು ಎಸಳು ಕೂರಿಸು ಎಂದು ಮೇಣದ ಉಂಡೆ ಕೊಟ್ಟಳು. ಕೈಗೆ ಮೇಣ ಮೆತ್ತುತ್ತದೆ ಎಂದು ಬ್ಯಾಗನ್ನು ನಿಮ್ಮ ಮಗನ ಕೈಗೆ ಕೊಟ್ಟೆ. ಫೋನು, ಪರ್ಸು, ವೋಟರ್ ಕಾರ್ಡು ಎಲ್ಲ ಅದರಲ್ಲೇ ಇದ್ದವು.

ಒಂದು ಎಸಳು ಎಂದದ್ದು ಮೂರು ನಾಲ್ಕಾಯಿತು. ಜೊತೆಯವರು ಬಾಗಿಲಲ್ಲಿ ನಿಂತಿದ್ದರು. ಇವರ ಸೆಕ್ಷನ್ನಿನ ರಘು ನಗುತ್ತಾ, "ಅಣ್ಣ, ಅತ್ತಿಗೆ ಇಲ್ಲೇ ಕೆಲ್ಸಕ್ ಸೇರ್ಕೊಂಡ್ರು ಕಣಣ್ಣ. ನೀನು ಊರಿಗೆ ಒಬ್ನೇ ಓಗ್ಬೇಕು" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಇವರು ನಗಲಿಲ್ಲ.

"ಏಳು, ಹೋಗಣ" ಎಂದರು.

"ಐದೇ ನಿಮಿಷ ರೀ. ಇದೊಂದು ಎಸಳು."

"ಅಷ್ಟು ಇಷ್ಟ ಆದ್ರೆ ಇಲ್ಲೇ ಇರು" ಎಂದು ಹೊರಗೆ ಹೋದರು.

ಸಿಟ್ಟಾಗಿದ್ದಾರೆ ಎಂದು ಗೊತ್ತಾಯಿತು. ಆ ಎಸಳು ಮುಗಿಸಿ ಎದ್ದೆ. ಹೊರಗೆ ಬಂದರೆ ಓಣಿಯಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ. ಗುಡಿಯ ಅಂಗಳದಲ್ಲಿ ನೋಡಿದೆ. ಬಸ್ಸು ನಿಲ್ಲಿಸಿದ್ದ ಕಡೆಗೆ ಓಡಿದೆ, ಎರಡು ಸಲ ದಾರಿ ತಪ್ಪಿ ಸೇರುವಷ್ಟರಲ್ಲಿ ಬಸ್ಸು ಹೋಗಿತ್ತು. ಯಾರೂ ಮರೆತು ಹೋಗಿರುವುದಿಲ್ಲ, ಹೆಂಡತಿ ಹತ್ತಿದ್ದಾಳಾ ಇಲ್ಲವಾ ಎಂದು ಗಂಡನಿಗೆ ಗೊತ್ತಾಗುತ್ತದೆ. ನನಗೆ ಅಲ್ಲೇ ಅರ್ಥವಾಯಿತು. ಆದರೂ ಬಂದೇ ಬರುತ್ತಾರೆ ಎಂದು ಚೌಕದ ಮೆಟ್ಟಿಲ ಮೇಲೆ ಕೂತೆ. ಅಲ್ಲಿ ಊರ ಮುದುಕರೆಲ್ಲ ಬಿಸಿಲು ಕಾಯಿಸುತ್ತಾ ಕೂತಿರುತ್ತಾರೆ. ನಾನೂ ಬಿಸಿಲು ಕಾಯಿಸುವವಳ ಹಾಗೆ ಕೂತೆ. ಯಾರಾದರೂ ನೋಡಿದರೆ ನಗುತ್ತಿದ್ದೆ. ಬಾಯಾರಿಕೆಯಾಯಿತು, ನೀರಿನ ಬಾಟಲೂ ಬ್ಯಾಗಿನಲ್ಲಿತ್ತು.

ನೆರಳು ಬಂದ ಮೇಲೆ ಸಾನುಮಾಯಾಳ ಅಂಗಡಿಗೇ ವಾಪಸು ಹೋದೆ. ಅವಳು ಮುಖ ನೋಡಿಯೇ ತಿಳಿದಳು. ಹೋಟೆಲಿನ ಹೆಸರು ಕೇಳಿದಳು. ಹಿಮಾಲಯ ಅಂತ ಏನೋ ಇತ್ತು ಎಂದೆ. ಕಠ್ಮಂಡುವಿನಲ್ಲಿ ಹಿಮಾಲಯ ಇಲ್ಲದ ಹೋಟೆಲಿಲ್ಲ ಎಂದಳು. ಫೋನು ಕೊಟ್ಟಳು. ನನಗೆ ಇವರ ನಂಬರು ಬಾಯಿಗೆ ಬರುವುದಿಲ್ಲ, ಅಮ್ಮನದು, ರುದ್ರೇಶನದು ಯಾವುದೂ ಬರುವುದಿಲ್ಲ. ಬರುವುದು ಒಂದೇ. ತಿಂಗಳು ತಿಂಗಳು ಗ್ಯಾಸ್ ಬುಕ್ ಮಾಡುವಾಗ ಹೇಳಿ ಹೇಳಿ ನಿಮ್ಮ ನಂಬರು ಬಾಯಿಪಾಠವಾಗಿದೆ.

ನಿಮಗೆ ಫೋನ್ ಮಾಡಿದೆ. ನೀವು ಎತ್ತಿದಿರಿ. "ಅತ್ತೆ, ನಾನು ನಂದಿತಾ. ಇವರು ನನ್ನ ಬಿಟ್ಟು ಹೋಗ್ಬಿಟ್ಟಿದಾರೆ. ಬ್ಯಾಗೂ ಇಲ್ಲ. ನನಗೆ ಭಯ ಆಗ್ತಿದೆ ಅತ್ತೆ" ಎಂದೆ. ಆ ಕಡೆಯಿಂದ ಟಿವಿ ಕೇಳಿಸುತ್ತಿತ್ತು. ಉಸಿರಾಡುವುದು ಕೇಳಿಸಿತು. "ಅತ್ತೆ" ಎಂದು ಇನ್ನೊಂದು ಸಲ ಕರೆದೆ. ಕಟ್ ಆಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್.

ಇವರು ಅಂಗಡಿ ಹುಡುಕಿಕೊಂಡು ಬರಬಹುದು ಎಂದು ಸಾನುಮಾಯಾ ಬಾಗಿಲು ಹಾಕುವ ಹೊತ್ತು ಮೀರಿದರೂ ಕಾದಳು. ಆಮೇಲೆ ಮನೆಗೆ ಕರೆದುಕೊಂಡು ಹೋದಳು. ಅವಳು, ಅವಳ ತಾಯಿ ಇಬ್ಬರೇ. ಮಾಂಸ ತಿನ್ನುವುದಿಲ್ಲ ಎಂದೆ, ಅವಲಕ್ಕಿ, ಹುರಿದ ಸೋಯಾಕಾಳು, ಶುಂಠಿ ಕೊಟ್ಟರು. ಅವಳ ತಾಯಿಯ ಪಕ್ಕ ಮಲಗಿದೆ. ಬೆಳಿಗ್ಗೆ ಪ್ರವಾಸಿಗರ ಪೊಲೀಸ್ ಕಚೇರಿಗೆ ಕರೆದುಕೊಂಡು ಹೋದಳು. ಅವರು ಹೋಟೆಲು ಪತ್ತೆ ಮಾಡಿ ಕರೆಸಿದರು. ಇವರು ಬಂದು ಪೊಲೀಸರಿಗೆ ಗಂಡ ಹೆಂಡತಿ ಸಣ್ಣ ಜಗಳ ಸರ್ ಎಂದರು. ಟ್ಯಾಕ್ಸಿಯಲ್ಲಿ ನನಗೆ, "ಮನೇಲಿ ಏನೂ ಹೇಳ್ಬೇಡ" ಎಂದರು. ಸರಿ ಎಂದೆ. ನಿಮಗೆ ಹೇಳುವ ಅಗತ್ಯವೇ ಇರಲಿಲ್ಲವಲ್ಲ.

ಮನೆಗೆ ಬಂದಾಗ ಬಾಗಿಲಲ್ಲಿ ನಿಂತು ಊಟ ಮಾಡ್ತೀಯೇನವ್ವ ಎಂದು ಕೇಳಿದಿರಿ. ಇಷ್ಟು ಗೊತ್ತಿದ್ದೂ ನಿಮ್ಮ ಬಾಯಲ್ಲಿ ಇದು ಹೇಗೆ ಬರುತ್ತದೆ ಎಂದು ನಿಮ್ಮ ಮುಖ ನೋಡಿದೆ. ಅದೇ ದಿನ ತೀರ್ಮಾನ ಮಾಡಿದೆ.

ಗಂಡ ಬಿಟ್ಟು ಹೋದದ್ದನ್ನು ಎಂದಾದರೂ ಮರೆಯಬಹುದೇನೋ. ನೀವು ಕಟ್ ಮಾಡಿದ್ದನ್ನು ಮರೆಯಲಾಗುತ್ತಿಲ್ಲ.

ನಂದಿತಾ


ನಂಜನಗೂಡು
20–1–2025

ನಂದಿತಾ,

ನಿನ್ನ ಕಾಗದ ಸಂಕ್ರಾಂತಿಗೆ ಮೊದಲೇ ಬಂತು. ಇಷ್ಟು ದಿನ ಬರೆಯಲಿಲ್ಲ. ಧೈರ್ಯ ಇರಲಿಲ್ಲ.

ಆ ದಿನ ಕಾರ್ತಿಕ ಸೋಮವಾರ. ನಾನು ಬೆಳಿಗ್ಗೆಯೇ ಕಪಿಲೆಯಲ್ಲಿ ಮಿಂದು ದೇವಸ್ಥಾನಕ್ಕೆ ಹೋದವಳು ದೀಪ ಹಚ್ಚಿಯೇ ಮನೆಗೆ ಬಂದದ್ದು. ಜನಜಂಗುಳಿಯಲ್ಲಿ ಬೀಳುತ್ತದೆ ಎಂದು ಫೋನನ್ನು ಟಿವಿ ಪಕ್ಕ ಇಟ್ಟು ಹೋಗಿದ್ದೆ. ಬಂದು ನೋಡಿದಾಗ ಆಫ್ ಆಗಿತ್ತು. ಬ್ಯಾಟರಿ ಹೋಗಿದೆ ಎಂದು ಚಾರ್ಜಿಗೆ ಹಾಕಿದೆ. ಇಷ್ಟೇ ನನಗೆ ಗೊತ್ತಿರುವುದು. ಶ್ರೀಕಂಠೇಶ್ವರನ ಆಣೆ.

ಮನೆಯಲ್ಲಿದ್ದವರು ನಿನ್ನ ಮಾವ ಒಬ್ಬರೇ. ಕಾಗದ ಓದಿದ ತಕ್ಷಣ ಅದು ಹೊಳೆಯಿತು. ಆದರೆ ಕೇಳಲು ನಾಲಿಗೆ ಏಳಲಿಲ್ಲ. ಕೇಳಿದರೆ ಹೌದು ಅಂದುಬಿಡುತ್ತಾರೆ ಎಂಬ ಭಯ. ಹಬ್ಬಕ್ಕೆ ಎಳ್ಳು ಬೀರಿದೆ, ಬಂದವರಿಗೆಲ್ಲ ಸೊಸೆ ತವರಿಗೆ ಹೋಗಿದ್ದಾಳೆ ಎಂದು ನಗುತ್ತಾ ಹೇಳಿದೆ. ಮೊನ್ನೆ ಅವರು ಕಾಫಿ ಕುಡಿಯುತ್ತಿದ್ದಾಗ ಎದುರಿಗೆ ಕೂತೆ.

"ಕಾರ್ತೀಕದ ಸೋಮ್ವಾರ ನನ್ ಫೋನ್‌ಗೆ ನಂದಿತಾ ಮಾಡಿದ್ಲಾ?" ಎಂದು ಕೇಳಿದೆ.

ಅವರು ಲೋಟ ಕೆಳಗಿಡಲಿಲ್ಲ. "ಮಾಡಿದ್ಲು" ಎಂದರು.

"ಏನಂದ್ಲು?"

"ಬುಟ್ಟೋಗವ್ನೆ ಅಂದ್ಲು. ಗಂಡ ಎಂಡ್ತಿ ಜಗಳ. ನಾನ್ಯಾಕ್ ನಡುವೆ ಓಗ್ಲಿ. ಇವನಿಗೆ ಮಾಡ್ದೆ. 'ಸಂಜೆಗಂಟ ಇರ್ಲಿ ಅಪ್ಪಾಜಿ, ಬುದ್ಧಿ ಬತ್ತದೆ, ಆಮೇಲ್ ಓಗಿ ಕರ್ಕಬತ್ತೀನಿ' ಅಂದ. ಸರಿ ಅಂದೆ."

"ನನಗ್ಯಾಕ್ ಏಳ್ನಿಲ್ಲ?"

"ಏಳಿದ್ರೆ ಏನ್ ಮಾಡ್ತಿದ್ದೆ? ನೇಪಾಳಕ್ಕೋಗ್ತಿದ್ದಾ?"

ನಿಜ, ನಾನು ಮೈಸೂರು ದಾಟಿ ಒಬ್ಬಳೇ ಹೋದವಳಲ್ಲ. ಕಾಫಿ ಲೋಟ ತೊಳೆದಿಟ್ಟೆ. ಆಮೇಲೆ ಹಿತ್ತಲಲ್ಲಿ ಕೂತು ಅತ್ತುಬಿಟ್ಟೆ.

ಇಷ್ಟು ದಿನವೂ ಊಟದ ಹೊತ್ತಿನಲ್ಲಿ "ಆ ರಾತ್ರಿ ಎಲ್ಲಿದ್ದಳು" ಎಂದು ನನ್ನನ್ನು ಕೇಳುತ್ತಿದ್ದವರು ಅವರೇ. ಅಮೃತೇಶ ತಲೆ ಬಗ್ಗಿಸಿ ತಿನ್ನುತ್ತಿದ್ದ. ಇಬ್ಬರಿಗೂ ಗೊತ್ತಿತ್ತು. ನಾನು ನಡುವೆ ನಿಂತು ಸಾರು ಬಡಿಸುತ್ತಿದ್ದೆ.

ನಂಬುವುದು ಬಿಡುವುದು ನಿನಗೆ ಸೇರಿದ್ದು.

ರುದ್ರಾಣಿ


ತಿ. ನರಸೀಪುರ
27–1–2025

ಅತ್ತೆಗೆ,

ನಂಬಿದೆ. ನೀವು ಆಣೆ ಇಟ್ಟದ್ದಕ್ಕಲ್ಲ. ಅಂಥ ಮಾತು ಕೇಳಿ ನೀವು ಸುಮ್ಮನಿರುವವರಲ್ಲ ಎಂದು ನನಗೆ ಮೊದಲೇ ಹೊಳೆಯಬೇಕಿತ್ತು. ಎರಡು ತಿಂಗಳು ನಿಮ್ಮನ್ನು ಮನಸ್ಸಿನಲ್ಲೇ ಬೈದಿದ್ದೇನೆ. ಬೈಯುವಾಗ ಸ್ವಲ್ಪ ಸಮಾಧಾನವೂ ಆಗುತ್ತಿತ್ತು. ಈಗ ಯಾರನ್ನು ಬೈಯಬೇಕೋ ಅವರನ್ನೇ ಬೈಯಬೇಕು.

ಮಂಟೇಸ್ವಾಮಿಯವರ ಮನೆಗೆ ನಾನು ಬರುವುದಿಲ್ಲ. ರುದ್ರೇಶ ಬರುತ್ತಾನೆ. ಅವನು ಜಾಸ್ತಿ ಮಾತಾಡುವುದಿಲ್ಲ, ತಂಗಿ ತವರಲ್ಲಿ ಕೂತಿರುವುದು ಅವನಿಗೂ ಹಿಂಸೆ. ಅತ್ತಿಗೆ ಒಳ್ಳೆಯವಳು, ಆದರೂ ನನ್ನ ತಟ್ಟೆಯನ್ನು ನಾನೇ ತೊಳೆಯುತ್ತೇನೆ. ಇಲ್ಲಿಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡಲು ಕರೆದಿದ್ದಾರೆ. ಜೂನ್‌ನಿಂದ.

ಅಲ್ಲಿ ನೀವು ಏನಾದರೂ ಹೇಳಿ ಎಂದು ನಾನು ಕೇಳುವುದಿಲ್ಲ. ಆ ಮನೆಯಲ್ಲಿ ಇರಬೇಕಾದವರು ನೀವು.

ನಂದಿತಾ


ನಂಜನಗೂಡು
12–2–2025

ನಂದಿತಾ,

ರುದ್ರೇಶ ನಿನಗೆ ಹೇಳಿರುತ್ತಾನೆ. ಆದರೂ ನನ್ನ ಬಾಯಿಂದಲೇ ತಿಳಿ.

ಹಿರಿಯರು ಜಗುಲಿಯ ಮೇಲೆ ಕೂತಿದ್ದರು. ನನ್ನನ್ನು ಹೆಂಗಸರ ಜೊತೆ ಒಳಗೆ ಕೂರಿಸಿದ್ದರು. ಬಾಗಿಲ ಮರೆಯಿಂದ ಎಲ್ಲ ಕೇಳಿಸುತ್ತಿತ್ತು. ನಿನ್ನ ಮಾವ ಹೇಳಿದ್ದನ್ನೇ ಹೇಳಿದರು. ಪರಸ್ಥಳದಲ್ಲಿ ಒಂದು ರಾತ್ರಿ ಹೊರಗಿದ್ದವಳನ್ನು ಮನೆಗೆ ಸೇರಿಸಿಕೊಳ್ಳಲು ಒಪ್ಪಿದ್ದೇವೆ, ಅದೇ ದೊಡ್ಡದು, ಅವಳು ಬಂದು ಹಿರಿಯರ ಮುಂದೆ ತಪ್ಪಾಯಿತು ಎನ್ನಲಿ ಎಂದರು. ಮಂಟೇಸ್ವಾಮಿ, "ಅದೂ ಸರಿಯೇ ಕಣಪ್ಪ" ಎಂದರು. ರುದ್ರೇಶ ನೆಲ ನೋಡುತ್ತಿದ್ದ.

ನಾನು ಎದ್ದು ಬಾಗಿಲಿಗೆ ಬಂದೆ. ಬಾಗಿಲ ಚೌಕಟ್ಟು ಹಿಡಿದುಕೊಂಡೆ. "ತಪ್ಪು ಅವಳದಲ್ಲ ಸ್ವಾಮಿ. ಇವನು ಕೈಲಿ ಏನೂ ಇಲ್ಲದಂಗೆ ಬೀದೀಲಿ ಬುಟ್ಬುಟ್ ಬಂದವ್ನೆ. ಅವಳು ನನಗ್ ಫೋನ್ ಮಾಡವ್ಳೆ. ಎತ್ತಿದ್ದು ಇವ್ರು. ಮಾತಾಡ್ದೆ ಕಟ್ ಮಾಡವ್ರೆ" ಎಂದೆ.

ನಿನ್ನ ಮಾವ, "ಒಳಿಕ್ಕೋಗು" ಎಂದರು.

"ಓಯ್ತೀನಿ. ಅವತ್ ಕೇಳಿದ್ರಲ್ಲ, ಏಳಿದ್ರೆ ಏನ್ ಮಾಡ್ತಿದ್ದೆ ಅಂತ. ಎದರ್ಕಬ್ಯಾಡ ಕಣವ್ವ ಅಂತಿದ್ದೆ. ಅಷ್ಟೇಯ. ಅಷ್ಟೂ ಅವಳಿಗೆ ಸಿಗ್ನಿಲ್ವಲ್ಲ" ಎಂದೆ.

ಮಂಟೇಸ್ವಾಮಿ ಅಮೃತೇಶನ ಕಡೆ ತಿರುಗಿದರು. "ಏನ್ಲಾ, ದಿಟವಾ?"

ಅವನು ಅಳಲು ಶುರುಮಾಡಿದ. ಕತ್ತಲಾದ ಮೇಲೆ ಟ್ಯಾಕ್ಸಿ ಮಾಡಿಕೊಂಡು ಹೋದೆ, ಆ ಓಣಿ ಸಿಗಲಿಲ್ಲ, ಎಲ್ಲ ಬಾಗಿಲು ಒಂದೇ ಥರ ಇದ್ದವು, ಅಂಗಡಿಗಳೆಲ್ಲ ಮುಚ್ಚಿದ್ದವು, ಅವಳಿಗೆ ಏನಾದರೂ ಆಗಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ಅತ್ತ. ನನಗೆ ನೋಡಲಾಗಲಿಲ್ಲ ನಂದಿತಾ. ಎಷ್ಟೇ ಆದರೂ ಮಗ.

ಸಭೆ ಹಾಗೇ ಎದ್ದಿತು. ಯಾರೂ ಏನೂ ತೀರ್ಮಾನ ಹೇಳಲಿಲ್ಲ. ಮಂಟೇಸ್ವಾಮಿಯವರ ಹೆಂಡತಿ ಮಾತ್ರ ನಾನು ಹೊರಡುವಾಗ ಕುಂಕುಮ ಕೊಟ್ಟು ಕೈ ಹಿಡಿದುಕೊಂಡಳು. ಅಂದಿನಿಂದ ನಿನ್ನ ಮಾವ ನನ್ನ ಜೊತೆ ಮಾತಾಡುತ್ತಿಲ್ಲ. ಮೊದಲೂ ಏನು ಮಹಾ ಮಾತಾಡುತ್ತಿದ್ದರು.

ಅಮೃತೇಶ ನಿನ್ನನ್ನು ನೋಡಲು ಬರುತ್ತಾನೆ. ತಡೆಯಬೇಡ. ಅವನು ಹೇಳುವುದನ್ನು ಕೇಳು. ಆಮೇಲೆ ನಿನ್ನಿಷ್ಟ.

ರುದ್ರಾಣಿ


ತಿ. ನರಸೀಪುರ
9–3–2025

ಅತ್ತೆಗೆ,

ಅವರು ಹೋದ ತಿಂಗಳ ಕಡೆಯ ಭಾನುವಾರ ಬಂದಿದ್ದರು. ತಕ್ಷಣ ಬರೆಯಬೇಕೆಂದಿದ್ದೆ. ನಿಮಗೆ ಬರೆಯುವುದು ಕಷ್ಟವಾಯಿತು.

ಅಮ್ಮ ಕಾಫಿ ಕೊಟ್ಟು ಒಳಗೆ ಹೋದರು. ನಿಮ್ಮ ಮಗ ಇಳಿದುಹೋಗಿದ್ದಾರೆ. ಕ್ಷಮಿಸು ಎಂದರು. ಬೇರೆ ಮನೆ ಮಾಡೋಣ, ನೀನು ಶಾಲೆಗೆ ಹೋಗು, ಏನು ಬೇಕಾದರೂ ಮಾಡು ಎಂದರು. ನಿಜವಾಗಿ ಹೇಳುತ್ತೇನೆ, ಒಂದು ಗಳಿಗೆ ಮನಸ್ಸು ಕರಗಿತು. ಹೋಗಿಬಿಡೋಣ ಎನಿಸಿತು.

ಒಂದು ಪ್ರಶ್ನೆ ಕೇಳಿದೆ. "ಬಸ್ಸಲ್ಲಿ ನನ್ನ ಸೀಟು ಖಾಲಿ ಇತ್ತಲ್ಲ, ಎಲ್ರಿಗೂ ಏನಂದ್ರಿ?"

"ತಲೆನೋವು ಅಂತ ಟ್ಯಾಕ್ಸೀಲಿ ಹೋಟ್ಲಿಗೆ ಹೋದ್ಲು ಅಂದೆ."

"ಆಮೇಲೆ?"

"ಆಮೇಲೆ ಏನು? ಬೆಟ್ಟದ ಮೇಲಿನ ಸ್ತೂಪ ತೋರ್ಸಿದ್ರು. ಊಟ ಆಯ್ತು."

"ಊಟ ಮಾಡಿದ್ರಾ?"

ಅವರು ನನ್ನ ಮುಖ ನೋಡಿದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಮಾಡ್ದೆ. ಅಂತ್ಯಾಕ್ಷರಿ ಆಡ್ತಿದ್ರು, ನಾನೂ ಹಾಡ್ದೆ. ನೀನು ಅಲ್ಲಿ ಕೂತು ಒದ್ದಾಡ್ತಿರ್ತೀಯ ಅಂತ ಅವಾಗ ಒಂಥರಾ ಖುಷಿ ಇತ್ತು ನಂದಿತಾ. ಕತ್ಲಾದ್ಮೇಲೆ ಭಯ ಬಂತು."

ಅವರು ನಿಜ ಹೇಳಿದ್ದಕ್ಕೆ ನನಗೆ ಗೌರವವಿದೆ. ಆದರೆ ಅದನ್ನು ಕೇಳಿದ ಮೇಲೆ ಅವರ ಪಕ್ಕದಲ್ಲಿ ಮಲಗಲಾರೆ ಎಂದು ಗೊತ್ತಾಯಿತು. ಸಿಟ್ಟಿನಲ್ಲಿ ಬಿಟ್ಟುಹೋದದ್ದಾಗಿದ್ದರೆ ಬೇರೆ. ಸಿಟ್ಟು ಇಳಿದ ಮೇಲೂ ಅವರಿಗೆ ಅದು ಹಿತವಾಗಿತ್ತು. ಬರುವುದಿಲ್ಲ ಎಂದೆ. ಕಾಫಿ ಹಾಗೇ ಬಿಟ್ಟು ಹೋದರು.

ಮೊನ್ನೆ ಅವರ ವಕೀಲರಿಂದ ವಿಚ್ಛೇದನದ ನೋಟಿಸು ಬಂದಿದೆ. ನಿಮಗೆ ಗೊತ್ತಿದೆಯೋ ಇಲ್ಲವೋ. ನಾನು ಕಾರಣವಿಲ್ಲದೆ ಮನೆ ಬಿಟ್ಟೆನಂತೆ, ನೇಪಾಳದಲ್ಲಿ ಗಂಡನಿಗೆ ತಿಳಿಸದೆ ಪರರ ಮನೆಯಲ್ಲಿ ರಾತ್ರಿ ಕಳೆದೆನಂತೆ. ರುಜು ಅವರದೇ. ನಮ್ಮ ವಕೀಲರು ಆ ದಿನದ ವಿಷಯ ಗೊತ್ತಿದ್ದು ಸಾಕ್ಷಿ ಹೇಳುವವರು ಗಂಡನ ಮನೆಯ ಕಡೆ ಯಾರಾದರೂ ಇದ್ದಾರಾ ಎಂದು ಕೇಳಿದರು. ಇಲ್ಲ ಎಂದೆ.

ಮಂಟೇಸ್ವಾಮಿಯವರ ಬಾಗಿಲಲ್ಲಿ ನೀವು ನಿಂತದ್ದನ್ನು ರುದ್ರೇಶ ಹೇಳಿದಾಗ ಅಮ್ಮ ಅತ್ತರು. ನನಗೆ ಅಷ್ಟು ಸಾಕು. ಇನ್ನು ಕಾಗದ ಬೇಡ ಅತ್ತೆ. ನಿಮಗೆ ತೊಂದರೆ.

ನಂದಿತಾ


ನಂಜನಗೂಡು
17–3–2025

ನಂದಿತಾ,

ನೋಟಿಸಿನ ವಿಷಯ ನನಗೆ ಗೊತ್ತಿರಲಿಲ್ಲ. ಈ ಸಲ ಕೇಳಲು ದಿನ ತೆಗೆದುಕೊಳ್ಳಲಿಲ್ಲ. ಅಮೃತೇಶ ಊಟಕ್ಕೆ ಕೂತಾಗಲೇ ಕೇಳಿದೆ. "ಅಪ್ಪಾಜಿ ಬರೆಸಿದ್ರು, ನಾನ್ ರುಜು ಆಕ್ದೆ" ಎಂದ. "ಓದಿದ್ಯಾ?" ಎಂದೆ. ಓದಿದ್ದೇನೆ ಎಂದ. ನನಗೆ ಮುಂದೆ ಬಡಿಸಲು ಆಗಲಿಲ್ಲ. ಸೌಟು ಅಲ್ಲೇ ಇಟ್ಟು ಬಂದೆ.

ನಿನಗೆ ಒಂದು ನಿಜ ಹೇಳಬೇಕು. ಆ ದಿನ ಬಾಗಿಲಲ್ಲಿ ನಿಂತು ಅಷ್ಟು ಮಾತಾಡಿದ್ದು ನೀನು ವಾಪಸು ಬರಲಿ ಎಂದೇ. ತಪ್ಪು ಯಾರದೆಂದು ನಾಲ್ಕು ಜನರ ಮುಂದೆ ಗೊತ್ತಾದರೆ ನಿನ್ನ ಮನಸ್ಸು ತಣಿಯುತ್ತದೆ, ಯುಗಾದಿಗೆ ಬಂದೇ ಬರುತ್ತೀಯ ಎಂದುಕೊಂಡಿದ್ದೆ. ನಿನ್ನ ಕಾಗದ ಓದಿ ಟೀಚರ ಮನೆಯಲ್ಲಿ ಬಹಳ ಹೊತ್ತು ಕೂತಿದ್ದೆ. ನಿನ್ನ ಮೇಲೆ ಸಿಟ್ಟೂ ಬಂತು. ಊಟ ಮಾಡಿದ್ರಾ ಎಂದು ನೀನು ಕೇಳದೆ ಇದ್ದಿದ್ದರೆ ಆಗುತ್ತಿರಲಿಲ್ಲವೇ ಎನಿಸಿತು. ಆಮೇಲೆ ನಾನೇ ನಿನ್ನ ಜಾಗದಲ್ಲಿ ಕೂತು ನೋಡಿದೆ. ನನಗೂ ಅವನು ಹಾಡಿದ್ದೇ ಕಿವಿಗೆ ಬರುತ್ತಿದೆ. ಚಿಕ್ಕಂದಿನಲ್ಲಿ ಚೆನ್ನಾಗಿ ಹಾಡುತ್ತಿದ್ದ.

ನೀನು ಬರುವುದು ಬೇಡ. ಇದನ್ನು ನಾನು ಬರೆಯುತ್ತೇನೆಂದು ಎಂದೂ ಅಂದುಕೊಂಡಿರಲಿಲ್ಲ.

ನಮ್ಮ ಕಡೆ ಯಾರೂ ಇಲ್ಲ ಎಂದು ವಕೀಲರಿಗೆ ಯಾಕೆ ಹೇಳಿದೆ? ನಾನಿದ್ದೇನೆ. ಯಾವ ದಿನ, ಎಲ್ಲಿಗೆ ಬರಬೇಕು ಎಂದು ಬರೆ. ನರಸೀಪುರದ ಬಸ್ಸು ನನಗೆ ಹತ್ತಲು ಬರುತ್ತದೆ. ಟೀಚರೂ ಜೊತೆಗೆ ಬರುತ್ತಾರೆ. ವಕೀಲರು ಕೇಳಿದರೆ ಆ ದಿನ ಬಾಗಿಲಲ್ಲಿ ಹೇಳಿದ್ದನ್ನೇ ಹೇಳುತ್ತೇನೆ. ಜಾಸ್ತಿ ಸೇರಿಸುವುದಿಲ್ಲ, ಟೈಫಾಯಿಡ್ಡಿನಲ್ಲಿ ಗಂಜಿ ಕುಡಿಸಿದ್ದನ್ನೂ ಹೇಳುತ್ತೇನೆ. ಅದೂ ನಿಜವೇ.

ಇದನ್ನು ಮುಚ್ಚಿಟ್ಟು ಮಾಡಲು ನನಗಿಷ್ಟವಿಲ್ಲ. ಇಂದು ಬೆಳಿಗ್ಗೆ ನಿನ್ನ ಮಾವನಿಗೆ ಹೇಳಿದೆ. ಆ ಸಭೆಯಾದ ಮೇಲೆ ಅವರು ನನ್ನೊಡನೆ ಬಾಯಿಬಿಟ್ಟದ್ದು ಇದೇ ಮೊದಲು.

"ಮಗನ ವಿರುದ್ಧ ಏಳ್ಬುಟ್ಟು ಯಾವ್ ಮನೆಗ್ ಬತ್ತೀಯ?" ಎಂದರು.

"ಈ ಮನೆಗೇ ಬತ್ತೀನಿ. ಸಾಯಂಕಾಲದ ಬಸ್ಸಿಗೆ. ಬೀಗದಕೈ ನನ್ನತ್ರಾನೂ ಐತೆ" ಎಂದೆ.

ಅವರು ಚಪ್ಪಲಿ ಮೆಟ್ಟಿಕೊಂಡು ಮಂಡಿಗೆ ಹೋದರು. ನಾನು ಬಾಗಿಲು ಹಾಕಿಕೊಂಡು, ನಮ್ಮ ಮನೆಯಲ್ಲೇ, ಊಟದ ಮೇಜಿನ ಮೇಲೆ ಇದನ್ನು ಬರೆಯುತ್ತಿದ್ದೇನೆ. ಉತ್ತರವನ್ನು ಇಲ್ಲಿಗೇ ಬರೆ. ಕವರಿನ ಮೇಲೆ ನನ್ನ ಹೆಸರು ದೊಡ್ಡದಾಗಿ ಬರೆ.

ರುದ್ರಾಣಿ